ಡೊಂಕಾದ್ರೂ ನಮ್ದು

ಬುಧವಾರ, ಮಧ್ಯಾಹ್ನ
ಅಮ್ಮನ ಹೊಲಿಗೆ ಅಂಗಡಿ, ಬಟ್ಟೆ ಕತ್ತರಿಸೋ ಮೇಜಿನ ಮೂಲೆ

ಚಿಕ್ಕಮ್ಮಾ,

ಅಲ್ಲಾ, ಅದಕ್ಕೇ ನಾನು ಹೇಳ್ತಾ ಇದ್ದಿದ್ದು, ಹಲಗೆ ಹಾಕಿದ್ದು ಗಾಳಿಗೆ ಅಂತ ನೀನು ಹೇಳಿದ್ದೇ ತಪ್ಪಾಯ್ತು ಅಂತ. ಮಾತು ಮುಗಿಸೋಕೂ ಬಿಡದೆ ನೀನು ಫೋನಿಟ್ಟೆ. ಇಟ್ಟಿದ್ದಲ್ಲದೆ ಸ್ವಿಚ್ ಆಫ್. ಎಲ್ಲಾ ಗ್ರೂಪಿಂದಲೂ ಎಕ್ಸಿಟ್. ನಮ್ಮನೆ ಗ್ರೂಪಿಂದಲೂ! ಅಲ್ಲಿರೋದು ನಾನು, ಅಮ್ಮ, ನೀನು. ಈಗ ನಾನೂ ಅಮ್ಮನೂ ಒಂದೇ ಮನೇಲಿ ಕೂತು ಒಬ್ಬರಿಗೊಬ್ಬರು ಗುಡ್ ಮಾರ್ನಿಂಗ್ ಕಳಿಸ್ಕೊಳ್ತಾ ಇದ್ದೀವಿ.

ಅದಕ್ಕೇ ಕಾಗದ. ಅಂಚೆ ಕವರ್ ಎಲ್ಲಿ ಸಿಗುತ್ತೆ ಅಂತ ಮೊಬೈಲಲ್ಲೇ ಹುಡುಕಿದೆ, ನಗಬೇಡ. ಕಾಗದದಲ್ಲಿ ಒಂದು ತೊಂದರೆ ಅಂದ್ರೆ ನೀನು ಓದಿದ್ಯೋ ಇಲ್ವೋ ಗೊತ್ತಾಗಲ್ಲ, ನೀಲಿ ಗೆರೆ ಬೀಳಲ್ಲ. ಅನುಕೂಲ ಏನಂದ್ರೆ ನೀನು ನನ್ನನ್ನ ಬ್ಲಾಕ್ ಮಾಡೋಕಾಗಲ್ಲ. ಅಮ್ಮ ಪಕ್ಕದಲ್ಲೇ ಮಷಿನ್ ತುಳೀತಾ ಇದ್ದಾಳೆ. ಏನೇ ಅದು ಅಂತ ಕೇಳಿದ್ಲು, ಕಾಲೇಜಿನ ಅಸೈನ್‌ಮೆಂಟ್ ಅಂದೆ.

ನೀನು ಎಕ್ಸಿಟ್ ಆದ್ಮೇಲೆ ಇಲ್ಲಿ ಏನೇನಾಯ್ತು ಅಂತ ಕೇಳು. ರೈಲು ಹಳಿ ದಾಟೋಕೆ ನೀನು ಕಟ್ಟಿಸಿದ ಕಾಲುಸೇತುವೆಗೆ ನಾಮಕರಣ ಆಗಿದೆ. ನಾಯಿ ಬಾಲ. ಆಟೋದವರಿಗೆ ನಾಯಿ ಬಾಲ ಅಂದ್ರೆ ಸಾಕು, ಸೀದಾ ತಂದು ಮೆಟ್ಟಿಲ ಹತ್ರ ಇಳಿಸ್ತಾರೆ. ‘ನಾಯಿ ಬಾಲ ನೆಟ್ಟಗೆ ಮಾಡಿ’ ಅಂತ ಒಂದು ಗ್ರೂಪ್, ಅದಕ್ಕೆ ಅಡ್ಮಿನ್ ಮೂಲೆ ಔಷಧಿ ಅಂಗಡಿ ಅಂಕಲ್. ಒಂದು ಮೀಮ್ ಬಂತು: ಇಂಜಿನಿಯರ್ ಗೆರೆ ಎಳೀತಾ ಇದ್ದಾಗ ಸೀನು ಬಂತಂತೆ, ಸ್ಕೇಲ್ ಜಾರ್ತಂತೆ, ಅದನ್ನೇ ಕಟ್ಟಿಬಿಟ್ರಂತೆ. ಸತ್ಯ ಹೇಳ್ಲಾ? ನನಗೂ ನಗು ಬಂತು. ಆಮೇಲೆ ಅಳು ಬಂತು.

ನಾನೇನು ಸುಮ್ನಿದ್ದೆ ಅಂದ್ಕೊಂಡ್ಯಾ? ಕುಣಿಯಲಾರದವರಿಗೆ ನೆಲ ಡೊಂಕು, ನಡೆಯಲಾರದವರಿಗೆ ಸೇತುವೆ ಡೊಂಕು ಅಂತ ಹಾಕಿದೆ. ಅದಕ್ಕೆ ಅಂಕಲ್, ಹೌದಮ್ಮಾ, ಮಂಡಿ ನೋವಿನ ಮುದುಕರಿಗೆ ನಡೆಯೋಕಾಗಲ್ಲ, ನೀನು ಬಂದು ಎತ್ಕೊಂಡು ಹೋಗ್ತೀಯಾ ಅಂದ್ರು. ಇದಕ್ಕೆ ಏನು ರಿಪ್ಲೈ ಮಾಡ್ಲಿ, ಹೇಳು? ಅಂಕಲ್ ಕೆಟ್ಟವರಲ್ಲ ಚಿಕ್ಕಮ್ಮ, ಅದೇ ನನ್ನ ಕರ್ಮ. ಸ್ಟೇಷನ್ ಕಡೆಯಿಂದ ಅವರ ಅಂಗಡಿಗೆ ಮಾತ್ರೆಗೆ ಬರೋ ಒಬ್ಬ ತಾತ ಆ ತಿರುವಲ್ಲಿ ಕೂತು ಉಸಿರು ತಗೊಂಡು, ಯಾವ ಪುಣ್ಯಾತ್ಮ ಕಟ್ಟಿದನಪ್ಪಾ ಇದನ್ನ ಅಂತ ದಿನಾ ಶಾಪ ಹಾಕ್ತಾರೆ. ನಾನು ಪಕ್ಕದಲ್ಲೇ ಹಾದು ಹೋಗ್ತೀನಿ. ಪುಣ್ಯಾತ್ಮ ಅಲ್ಲ ತಾತ, ಪುಣ್ಯಾತ್ಗಿತ್ತಿ, ನಮ್ಮ ಚಿಕ್ಕಮ್ಮ ಅಂತ ಹೇಳೋಕೆ ಬಾಯಿ ಬರಲ್ಲ.

ಗ್ರೂಪಿನವರು ಕೇಳೋದು ಇಷ್ಟೇ. ಹಳಿ ದಾಟಿದ ಮೇಲೆ ನೆಟ್ಟಗೆ ಮಾರ್ಕೆಟ್‌ಗೆ ಇಳಿಯೋ ಬದಲು ಯಾಕೆ ಬಲಕ್ಕೆ ಹೊರಳಿ ಸುತ್ತಿ ಬರುತ್ತೆ? ಸರಿ, ಹೊರಳ್ತು. ಆ ತಿರುವಿನ ಎಡಗಡೆ ಪೂರ್ತಿ ಯಾಕೆ ಆಳೆತ್ತರದ ಹಲಗೆ? ನೀನು ನಕ್ಷೆಯಲ್ಲಿ ‘ಗಾಳಿ ತಡೆ’ ಅಂತ ಒಂದೇ ಮಾತು ಬರೆದು ಕೈ ತೊಳ್ಕೊಂಡೆ. ಅಂಕಲ್ ಏನು ಮಾಡಿದ್ರು ಗೊತ್ತಾ? ಹಲಗೆ ಮೇಲಿನ ಅಂಚಿಗೆ ತಮ್ಮ ಕರ್ಚೀಫ್ ಕಟ್ಟಿ, ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತು, ಬೆಳಗ್ಗೆಯಿಂದ ಲೈವ್. ಕರ್ಚೀಫ್ ಅಲ್ಲಾಡಿದ್ರೆ ಕೇಳು! ಗಾಳಿ ಬಂತಾ ಸಾರ್ ಅಂತ ದಾರೀಲಿ ಹೋಗೋರೆಲ್ಲಾ ಕೇಳೋದು, ಬರುತ್ತೆ ಕಣ್ರೀ, ಮೇಡಂ ಕಳಿಸಿದ್ದಾರೆ, ದಾರೀಲಿದೆ ಅಂತ ಇವರು ಹೇಳೋದು. ಇಡೀ ಊರು ಬಿದ್ದು ಬಿದ್ದು ನಗ್ತು.

ಈಗ ಮುಂದಿನ ವಾರ ಶನಿವಾರ ನಗರಸಭೆ ಕಚೇರೀಲಿ ಸಭೆ. ಸೇತುವೆ ನೆಟ್ಟಗೆ ಮಾಡೋಕಂತೂ ಆಗಲ್ಲ, ಹಲಗೆ ಆದ್ರೂ ಕೀಳಿ ಅಂತ ಅರ್ಜಿ. ಡಿಸೈನ್ ಮಾಡಿದೋರು ಖುದ್ದಾಗಿ ಬಂದು ಸರಿಯಾದ ಕಾರಣ ಕೊಟ್ರೆ ಉಳಿಯುತ್ತೆ, ಇಲ್ಲಾಂದ್ರೆ ಅವತ್ತೇ ಕಿತ್ತು ಬರೀ ಕಂಬಿ ಹಾಕಿಸ್ತೀವಿ ಅಂತ ಅಧ್ಯಕ್ಷರು ಹೇಳಿದ್ದಾರೆ. ನಿನಗೆ ನೋಟೀಸ್ ಬಂದಿರುತ್ತೆ. ನೀನು ಅದನ್ನೂ ಮಡಚಿ ಎಲ್ಲೋ ಇಟ್ಟಿರ್ತೀಯ. ಗೊತ್ತು ನಿನ್ನ ಬುದ್ಧಿ.

ನಿನ್ನ ಈ ಮೌನ ಇದ್ಯಲ್ಲ ಚಿಕ್ಕಮ್ಮ, ಅದು ನನಗೆ ಹುಚ್ಚು ಹಿಡಿಸುತ್ತೆ. ಉದ್ಘಾಟನೆಗೂ ಬರ್ಲಿಲ್ಲ. ಕಲ್ಲಿನ ಮೇಲೆ ನಿನ್ನ ಹೆಸರು ಬೇಡ ಅಂದ್ಯಂತೆ. ಒಂದು ಫೋಟೋ ಇಲ್ಲ. ನಾನು ಕಟ್ಟಡದ ನಕ್ಷೆ ಬರೆಯೋ ಡಿಪ್ಲೊಮಾಗೆ ಸೇರಿದ್ದೇ ನಿನ್ನ ನೋಡಿ. ನನ್ನ ಮೊಬೈಲ್ ತೆರೆದ್ರೆ ನಿನ್ನ ಸೇತುವೆ. ಕ್ಲಾಸಲ್ಲಿ ಎಲ್ಲರೂ ಸಿನಿಮಾ ಹೀರೋಗೆ ಫ್ಯಾನ್ ಆದ್ರೆ ನಾನು ಚಿಕ್ಕಮ್ಮನ ಫ್ಯಾನ್, ಅದಕ್ಕೆ ಎಷ್ಟು ಕಾಲೆಳೀತಾರೆ ಗೊತ್ತಾ? ಫ್ಯಾನ್ ಕ್ಲಬ್ ಕೂಡ ಮಾಡಿದೆ: ‘ಡೊಂಕಾದ್ರೂ ನಮ್ದು’. ಹೆಸರು ಚೆನ್ನಾಗಿದೆ ಅಲ್ವಾ? ಮೊದಲು ನಾನೂ ನನ್ನ ಇಬ್ಬರು ಗೆಳತಿಯರೂ ಇದ್ವಿ, ಆಮೇಲೆ ಜಗಳ ನೋಡೋಕೆ ಬಂದೋರಿಂದ ತುಂಬಿ ಹೋಯ್ತು.

ಇಲ್ಲಿಂದ ಮುಂದೆ ಬೈಬೇಡ. ಬೈದ್ರೂ ಪರವಾಗಿಲ್ಲ, ಫೋನ್ ಮಾಡಿ ಬೈ.

ನೀನು ಕಾರಣ ಹೇಳ್ತಿಲ್ಲ ಅಂದ್ಮೇಲೆ ನಾನೇ ಒಂದು ಐಡಿಯಾ ಮಾಡಿದೆ. ಕ್ಲಬ್ಬಲ್ಲಿ ಒಂದು ಸ್ಪರ್ಧೆ ಇಟ್ಟೆ: ಹಲಗೆ ಹಿಂದೆ ಏನಿದೆ, ಊಹೆ ಮಾಡಿ. ಬೈಯೋ ಜನಾನ ನಗೋ ಹಾಗೆ ಮಾಡಿದ್ರೆ ಸೇತುವೆ ಮೇಲೆ ಪ್ರೀತಿ ಬರುತ್ತೆ ಅಂತ ನನ್ನ ಲೆಕ್ಕ. ಬಂತು ನೋಡು ಪ್ರೀತಿ! ಅಧ್ಯಕ್ಷರ ಮಾವನ ಗೋಡೌನ್ ಅಂದ್ರು, ನಿಧಿ ಅಂದ್ರು, ಮೇಡಂ ಲವರ್ ಮನೆ ಅಂದ್ರು. ಲವರ್‌ಗೇ ಎಲ್ಲಕ್ಕಿಂತ ಜಾಸ್ತಿ ಹಾರ್ಟು. ಅಲ್ಲಿವರೆಗೂ ಹಲಗೇನ ಬೈಕೊಂಡು ಹಾದು ಹೋಗ್ತಿದ್ದ ಜನ ಈಗ ನಿಂತು ತಟ್ಟಿ ನೋಡೋಕೆ ಶುರು ಮಾಡಿದ್ರು. ಒಂದಿನ ಯಾರೋ ಎರಡು ಹಲಗೆ ಮಧ್ಯೆ ಏನೋ ತೂರಿಸಿ ಮೀಟಿಬಿಟ್ರು. ಬೆರಳು ಹೋಗೋ ಅಷ್ಟು ಸಂದಿ.

ನಾನೂ ಹೋದೆ. ಗೆದ್ದೋರಿಗೆ ಉತ್ತರ ಹೇಳ್ಬೇಕಲ್ಲಾ, ಫೋಟೋ ತಗೊಳ್ಳೋಣ ಅಂತ. ಸಂದಿಗೆ ಕಣ್ಣಿಟ್ಟೆ.

ಏನಿಲ್ಲ. ಒಂದು ಮನೆ ಹಿತ್ತಲು. ಎತ್ತರದ ಕಾಂಪೌಂಡು, ಬೀದಿಯಿಂದ ಏನೂ ಕಾಣಲ್ಲ, ಮೇಲಿಂದ ಮಾತ್ರ ಎಲ್ಲಾ ಕಾಣುತ್ತೆ. ಹಗ್ಗದ ಮೇಲೆ ಬೆಡ್‌ಶೀಟ್ ಸಾಲು. ಇಬ್ಬರು ಹೆಂಗಸರು ಮೆಟ್ಟಿಲ ಮೇಲೆ ಬಿಸಿಲಿಗೆ ಕೂದಲು ಆರಿಸ್ಕೊಂಡು ಏನೋ ಹೇಳ್ಕೊಂಡು ನಗ್ತಿದ್ರು. ಒಂದು ಪುಟ್ಟ ಹುಡುಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚ್ತಿತ್ತು. ಅದು ತಲೆ ಎತ್ತಿ ನನ್ನ ಕಣ್ಣು ನೋಡ್ತು. ಕೈ ಬೀಸ್ತು. ನಾನೂ ಸಂದಿಯಲ್ಲಿ ಎರಡು ಬೆರಳು ತೂರಿಸಿ ಆಡಿಸಿದೆ.

ಹಗ್ಗದ ಹತ್ರ ಬಟ್ಟೆ ಒಣಗಿಸ್ತಿದ್ದ ಇನ್ನೊಬ್ಬ ಹೆಂಗಸು ತಿರುಗಿ ನೋಡಿದ್ಲು. ಕಿರುಚ್ಲಿಲ್ಲ, ಯಾರದು ಅಂತ ಕೇಳ್ಲಿಲ್ಲ. ಬಕೆಟ್ ಅಲ್ಲೇ ಬಿಟ್ಟು ಮಗೂನ ಒಂದೇ ಕೈಯಲ್ಲಿ ಸೊಂಟಕ್ಕೆ ಎಳ್ಕೊಂಡು ಒಳಗೆ ಓಡಿದ್ಲು. ನಗ್ತಿದ್ದ ಇಬ್ಬರೂ ಹಿಂದೆ ತಿರುಗಿ ನೋಡ್ಲೂ ಇಲ್ಲ, ಎದ್ದು ಮುಖಕ್ಕೆ ಸೆರಗು ಹಾಕ್ಕೊಂಡು ಅವಳ ಹಿಂದೆ. ಚಿಲಕ ಬಿತ್ತು. ಒಂದು ಚಿಲಕ ಅಲ್ಲ, ಮೇಲೊಂದು ಕೆಳಗೊಂದು. ಕಣ್ಣು ಮಿಟುಕಿಸೋದ್ರಲ್ಲಿ ಹಿತ್ತಲು ಖಾಲಿ. ಎಷ್ಟು ಅಭ್ಯಾಸ ಆಗಿದ್ರೆ ಹಾಗೆ ಓಡ್ತಾರೆ ಚಿಕ್ಕಮ್ಮ? ಒಬ್ಬರಾದ್ರೂ ನನ್ನ ಬೈದಿದ್ರೆ ಚೆನ್ನಾಗಿತ್ತು.

ಫೋಟೋ ತೆಗೀಲಿಲ್ಲ. ಆಣೆಗೂ ತೆಗೀಲಿಲ್ಲ.

ಸೀದಾ ಅಮ್ಮನ ಹತ್ರ ಬಂದು ಹೇಳಿದೆ. ಅಮ್ಮನ ಬಾಯಿ ತುಂಬಾ ಗುಂಡುಪಿನ್ನು, ಯಾರದೋ ಬ್ಲೌಸಿಗೆ ಸಿಗಿಸ್ತಿದ್ಲು. ಒಂದೊಂದಾಗಿ ಎಲ್ಲಾ ಪಿನ್ನೂ ತೆಗೆದು ದಿಂಬಿಗೆ ಚುಚ್ಚಿ, ಅಂಗಡಿ ಬಾಗಿಲು ಮುಂದಕ್ಕೆ ಹಾಕಿ ಬಂದು ಕೂತ್ಲು. ಅದು ಮನೆ ಬಿಟ್ಟು ಬಂದ ಹೆಂಗಸರಿಗೆ ಇರೋ ಜಾಗ ಕಣೇ ಅಂದ್ಲು. ಹೊಡೆಸ್ಕೊಂಡು, ಸುಡಿಸ್ಕೊಂಡು, ಮಕ್ಕಳನ್ನ ಕಂಕುಳಲ್ಲಿ ಇಟ್ಕೊಂಡು ಬಂದೋರು. ಅವರನ್ನ ಹುಡುಕ್ತಾ ಇರೋರಿಗೆ ಅದು ಎಲ್ಲಿದೆ ಅಂತ ಗೊತ್ತಾಗಬಾರದು, ಅದಕ್ಕೇ ಬೋರ್ಡಿಲ್ಲ, ಹೆಸರಿಲ್ಲ. ಊರಿಗೆಲ್ಲಾ ಗೊತ್ತಾದ್ರೆ ಅವರಿಗೂ ಗೊತ್ತಾದ ಹಾಗೇ ಅಲ್ವಾ ಅಂದ್ಲು. ಆಮೇಲೆ ನನ್ನ ಮೊಬೈಲ್ ಕಡೆ ನೋಡಿ, ನಿನ್ನ ಬಾಯಿಗೆ ಹೊಲಿಗೆ ಹಾಕ್ಬಹುದು, ಇದಕ್ಕೆ ಎಲ್ಲಿ ಹಾಕ್ಲಿ ಅಂದ್ಲು.

ಅವಾಗ ತಲೆಗೆ ಹೊಳೀತು. ನೆಟ್ಟಗೆ ಹೋಗಿದ್ರೆ ಸೇತುವೆ ಸರಿಯಾಗಿ ಆ ಹಿತ್ತಲ ನೆತ್ತಿ ಮೇಲೆ ಹೋಗ್ತಿತ್ತು. ಇಡೀ ಊರು ದಿನಾ ಬೆಳಗ್ಗೆ ಸಂಜೆ ಆ ಹೆಂಗಸರ ಮುಖ ನೋಡ್ಕೊಂಡು ನಡೀತಿತ್ತು. ನೀನು ಸೇತುವೇನ ದೂರ ತಳ್ಳಿದೆ, ಉಳಿದಿದ್ದಕ್ಕೆ ಹಲಗೆ ಮುಚ್ಚಿದೆ. ಯಾರು ಎಷ್ಟು ಉಗಿದ್ರೂ ಉಗುಳು ಒರೆಸ್ಕೊಂಡು ಸುಮ್ನಿದ್ದೆ. ಕಾರಣ ಹೇಳಿದ ಕ್ಷಣವೇ ಆ ಕಾರಣ ಹಾಳಾಗುತ್ತೆ.

ಸ್ಪರ್ಧೆ ಡಿಲೀಟ್ ಮಾಡಿದೆ. ಡಿಲೀಟ್ ಮಾಡಿದ್ದೇ ದೊಡ್ಡ ಸುದ್ದಿಯಾಯ್ತು. ಫ್ಯಾನ್ ಹುಡುಗಿಗೆ ಏನೋ ಗೊತ್ತು, ಯಾರೋ ಬಾಯಿ ಮುಚ್ಚಿಸಿದ್ದಾರೆ ಅಂತ. ಸಂದಿಗೆ ಅಮ್ಮನ ಅಂಗಡಿ ಚಿಂದಿ ತುರುಕಿ ಬಂದೆ, ಮಾರನೇ ದಿನ ಯಾರೋ ಕಿತ್ತು ಬಿಸಾಕಿದ್ರು. ನಿನ್ನೆ ತಲೆನೋವಿನ ಮಾತ್ರೆಗೆ ಹೋದ್ರೆ ಅಂಕಲ್ ಮಾತ್ರೆ ಕೈಯಲ್ಲಿ ಹಿಡ್ಕೊಂಡು ಕೊಡ್ತಾ ಇಲ್ಲ. ಏನಮ್ಮಾ ಅದು, ನನಗೊಬ್ಬನಿಗೆ ಹೇಳು, ಯಾರಿಗೂ ಹೇಳಲ್ಲ ಅಂತಾರೆ. ಯಾರಿಗೂ ಹೇಳಲ್ಲ ಅಂತ ಹೇಳೋ ಮನುಷ್ಯನ ಮೊಬೈಲು ಆಗಲೇ ಸ್ಟ್ಯಾಂಡಲ್ಲಿ ನಿಂತಿತ್ತು!

ಒಂದೇ ಒಂದು ಸಾಲು ಚಿಕ್ಕಮ್ಮ. ಒಂದು ಸಾಲು ಬರೆದ್ರೆ ಆ ಗ್ರೂಪಲ್ಲಿ ಇರೋರೆಲ್ಲಾ ತಲೆ ತಗ್ಗಿಸ್ತಾರೆ. ಟೈಪ್ ಮಾಡ್ತೀನಿ, ಅಳಿಸ್ತೀನಿ. ಹುಡುಗಿ ಏನೋ ಟೈಪ್ ಮಾಡ್ತಿದ್ದಾಳೆ ಅಂತ ಅವರಿಗೆ ಕಾಣುತ್ತಲ್ಲ, ಪಾಪ ಬರಹಗಾರ್ತಿ, ಕಾದಂಬರಿ ಬರೀತಿದ್ದಾಳೆ ಅಂತ ಕಿಚಾಯಿಸ್ತಾರೆ. ಅದನ್ನೂ ನುಂಗ್ಕೊಳ್ತೀನಿ. ನೀನು ಇಷ್ಟು ದಿನ ಹೇಗೆ ನುಂಗ್ಕೊಂಡೆ?

ಆದ್ರೆ ನುಂಗಿದ್ದು ಸಾಕು. ನೀನು ಸುಮ್ನಿದ್ರೆ ಶನಿವಾರ ಹಲಗೆ ಹೋಗುತ್ತೆ. ಅಲ್ಲಿಗೆ ಸುಮ್ನಿದ್ದಿದ್ದೂ ದಂಡ, ಸೊಟ್ಟ ಕಟ್ಟಿದ್ದೂ ದಂಡ.

ನಾನು ಒಂದು ಯೋಚನೆ ಮಾಡಿದ್ದೀನಿ. ನಿಜ ಹೇಳೋದು ಬೇಡ. ಒಳ್ಳೇ ಸುಳ್ಳೊಂದು ಹೇಳೋಣ. ಗಾಳಿ ತರ ಕರ್ಚೀಫ್ ಕಟ್ಟಿದ್ರೆ ಸಿಕ್ಕಿ ಬೀಳೋ ಸುಳ್ಳಲ್ಲ. ಸೇತುವೆ ಮೇಲಿನ ದೀಪ ಆ ತಿರುವಲ್ಲಿ ರೈಲು ಓಡಿಸೋರ ಕಣ್ಣಿಗೆ ಹೊಡೆಯುತ್ತೆ, ಸಿಗ್ನಲ್ ಸರಿಯಾಗಿ ಕಾಣಲ್ಲ, ಅದಕ್ಕೇ ಹಲಗೆ ಅನ್ನು. ಅಂಕಲ್ ಏನು ರೈಲು ಓಡಿಸಿ ನೋಡ್ತಾರಾ? ನಿಜವಾಗ್ಲೂ ಹೊಡೆಯುತ್ತಾ ಇಲ್ವಾ ನನಗೆ ಗೊತ್ತಿಲ್ಲ, ನಾನಿನ್ನೂ ಮೊದಲನೇ ವರ್ಷ. ನಾನು ಹೇಳಿದ್ರೆ ಕಾದಂಬರಿ ಅಂತಾರೆ, ನೀನು ನಕ್ಷೆ ಹರಡಿ, ಬೆರಳಿಟ್ಟು, ಆ ಸೀರಿಯಸ್ ಮುಖ ಮಾಡ್ಕೊಂಡು ಹೇಳಿದ್ರೆ ತಲೆ ಅಲ್ಲಾಡಿಸ್ತಾರೆ. ತಿರುವಲ್ಲಿ ಆ ತಾತ ಕೂರೋಕೆ ಒಂದು ಬೆಂಚು ಹಾಕಿಸ್ತೀನಿ ಅಂತಲೂ ಒಂದು ಮಾತು ಸೇರಿಸು. ಹಲಗೆಗೆ ಬೆನ್ನು ಕೊಟ್ಟು ಕೂರೋ ಹಾಗೆ. ಜನಕ್ಕೆ ಅಷ್ಟು ಸಾಕು ಚಿಕ್ಕಮ್ಮ, ನಿಜವಾಗ್ಲೂ. ಅರ್ಧ ಜನಕ್ಕೆ ಕಾರಣಾನೇ ಬೇಕಾಗಿಲ್ಲ, ಯಾರೂ ಉತ್ತರ ಕೊಡ್ತಿಲ್ಲ ಅಂತ ರೇಗ್ತಿದ್ದಾರೆ ಅಷ್ಟೇ. ಅದರಲ್ಲಿ ನಾನೂ ಒಬ್ಬಳು.

ಇಷ್ಟು ಉದ್ದದ ಸೇತುವೆ ಕಟ್ಟಿದೋಳಿಗೆ ಇಷ್ಟುದ್ದ ಕಥೆ ಕಟ್ಟೋಕೆ ಬರಲ್ವಾ?

ನಿನ್ನ ಮೇಲೆ ಕೋಪದಲ್ಲಿರೋ, ಆದ್ರೂ ಎಲ್ಲಾ ಕಡೆ ನಿನ್ನ ಪರವಾಗಿ ಒದೆ ತಿಂತಿರೋ,
ನಿನ್ನ ಗುಬ್ಬಿ
(‘ಡೊಂಕಾದ್ರೂ ನಮ್ದು’ ಕ್ಲಬ್ಬಿನ ಅಡ್ಮಿನ್. ಸದ್ಯಕ್ಕೆ ಕ್ಲಬ್ ಬಂದ್.)

ಮತ್ತೆ ಇನ್ನೊಂದು: ಆ ಮನೆ ಜಾಗ ಚಿಕ್ಕಮ್ಮನಿಗೆ ಹೇಗೆ ಗೊತ್ತಿತ್ತು ಅಂತ ಅಮ್ಮನ್ನ ಕೇಳಿದೆ. ಅಮ್ಮ ಮಷಿನ್ ತುಳಿಯೋಕೆ ಶುರು ಮಾಡಿದ್ಲು. ಸೂಜಿ ಕೆಳಗೆ ಬಟ್ಟೇನೇ ಇರ್ಲಿಲ್ಲ. ನಾನು ಮತ್ತೆ ಕೇಳ್ಲಿಲ್ಲ, ಯಾಕಂದ್ರೆ ಸಂದಿಯಿಂದ ನಾನು ಇನ್ನೊಂದು ನೋಡಿದ್ದೆ, ಅಮ್ಮನಿಗೆ ಹೇಳಿಲ್ಲ. ಹಿಂದಿನ ಕಿಟಕಿಗೆ ಹಸಿರು ಸರಳು, ಅದರಲ್ಲಿ ಕೆಳಗಿನ ಒಂದು ಸರಳು ಹೊರಗಡೆಗೆ ಬಾಗಿದೆ. ಮನೇಲಿ ಎಲ್ಲರೂ ಸೇರಿದಾಗೆಲ್ಲಾ ನೀನೇ ನಗ್ತಾ ಹೇಳ್ತೀಯಲ್ಲ, ಮದುವೆ ಆದ್ಮೇಲೆ ನೀನು ಒಂದು ವರ್ಷ ಯಾವುದೋ ಟ್ರೈನಿಂಗ್ ಹಾಸ್ಟೆಲಲ್ಲಿ ಇದ್ದಾಗ ಅಮ್ಮನ ಜೊತೆ ನಿನ್ನ ನೋಡೋಕೆ ಬಂದ ಗುಬ್ಬಿ ಹಸಿರು ಸರಳಲ್ಲಿ ತಲೆ ಸಿಕ್ಕಿಸ್ಕೊಂಡಳು, ಸೋಪು ಹಚ್ಚಿದ್ರೂ ಬರ್ಲಿಲ್ಲ, ಕೊನೆಗೆ ನೀನೇ ಸರಳನ್ನ ಬಗ್ಗಿಸ್ಬೇಕಾಯ್ತು ಅಂತ. ಟ್ರೈನಿಂಗ್ ಯಾವುದು ಅಂತ ನಾನು ಯಾವತ್ತೂ ಕೇಳ್ಲಿಲ್ಲ. ಈಗ್ಲೂ ಕೇಳಲ್ಲ, ನೀನು ಹೇಳ್ಬೇಕಾಗಿಯೂ ಇಲ್ಲ. ಶನಿವಾರ ಅಲ್ಲಿ ಯಾರಾದ್ರೂ ನಿನ್ನ ಬಗ್ಗೆ ಒಂದು ಮಾತು ಜಾಸ್ತಿ ಕೇಳಿದ್ರೆ ಉತ್ತರ ಕೊಡೋಕೆ ನಾನಿರ್ತೀನಿ ಪಕ್ಕದಲ್ಲಿ, ಜಗಳದಲ್ಲಿ ನನ್ನ ಕೈ ಎಷ್ಟು ಪಳಗಿದೆ ಅಂತ ನೋಡಿದ್ದೀಯಲ್ಲ. ಅವತ್ತು ನನ್ನ ಒಂದು ತಲೆಗೋಸ್ಕರ ಕಬ್ಬಿಣ ಬಗ್ಗಿಸಿದೋಳು, ಈಗ ಆ ಸೀಮೆಸುಣ್ಣದ ಹುಡುಗಿಗೋಸ್ಕರ ಒಂದು ಬಸ್ಸು ಹತ್ತಿ ಬರ್ತೀಯೋ ಇಲ್ವೋ?