ಮಿಲೋಸ್ ಎಂದು ಹೇಳಿದ್ದು

ಕೆರಾತ್ಸಿನಿ
೧೧ ನವೆಂಬರ್, ೨೦೧೯

ನನ್ನ ಅನೆಜೀನಾಳಿಗೆ,

'ನನ್ನ' ಎಂದು ಬರೆದಿದ್ದೇನೆ. ಬೇಡವೆನಿಸಿದರೆ ನೀನೇ ಹೊಡೆದುಹಾಕು. ಫೋನ್ ಮಾಡಿದರೆ ನೀನು "ಹೇಳು" ಅನ್ನುತ್ತೀಯ, ನಾನು "ಏನಿಲ್ಲ" ಅನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಹದಿನಾಲ್ಕು ತಿಂಗಳಿಂದ ಇದೇ ಆಗಿದೆ. ಅದಕ್ಕೇ ಕಾಗದ ಬರೆಯಲು ಕೂತೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಿಶ್ಚಿತಾರ್ಥದ ದಿನಗಳಲ್ಲೇ ಅಂದವಳು ನೀನು. ಕನ್ನಡಕ ಹಾಕಿಕೊಂಡು ಓದು.

ಮನೆ ಇದ್ದ ಹಾಗೇ ಇದೆ. ಬಾಲ್ಕನಿಯ ತುಳಸಿಗಿಡಗಳಲ್ಲಿ ಎರಡು ಒಣಗಿದವು, ತಪ್ಪು ನನ್ನದೇ. ಮೇಲಿನ ಮನೆಯ ಸ್ತಮಾತ್ಯಾ ಮೊದಮೊದಲು ನಿನ್ನ ವಿಷಯ ಕೇಳುತ್ತಿದ್ದಳು. ಸೊಸೆಗೆ ಕೈನೆರವಾಗಲು ಹೋಗಿದ್ದಾಳೆ ಎಂದೆ. ಈಗ ಕೇಳುವುದನ್ನು ಬಿಟ್ಟಿದ್ದಾಳೆ. ಭಾನುವಾರ ಒಂದು ತಟ್ಟೆ ಬಟಾಣಿ ಬೇಯಿಸಿ ತಂದುಕೊಡುತ್ತಾಳೆ. ಯಾರೂ ಏನೂ ಕೇಳದೆ ಊಟ ತಂದುಕೊಡಲು ಶುರುಮಾಡಿದರೆ ಊರಿಗೆಲ್ಲ ಗೊತ್ತಾಗಿದೆ ಎಂದೇ ಅರ್ಥ.

ಆ ಪ್ರವಾಸದ ಬಗ್ಗೆ ಬರೆಯಬೇಕು. ಬೇರೆ ಏನು ಬರೆದರೂ ಅದು ಮೈಗಳ್ಳತನ.

ಮೂವತ್ತೊಂದು ವರ್ಷ ಹಡಗಿನ ಹೊಟ್ಟೆಯಲ್ಲಿ ನಿಂತು ಕಾರು ಲಾರಿಗಳನ್ನು ಹಿಮ್ಮುಖವಾಗಿ ಒಳಗೆ ಎಳೆದುಕೊಂಡವನು ನಾನು. "ಬಾ, ಬಾ, ಎಡಕ್ಕೆ ತಿರುಗ್ಸು, ಕನ್ನಡಿ ನೋಡ್ಬೇಡ, ನನ್ನ ನೋಡು!" ಎಂದು ಕಿರುಚಿ ಕಿರುಚಿ ಗಂಟಲು ಹೋಗಿತ್ತು. ದ್ವೀಪ ಎಂದರೆ ನನ್ನ ಪಾಲಿಗೆ ಹಿಂಬಾಗಿಲು ಕೆಳಗಿಳಿದಾಗ ಕಾಣುವ ಹತ್ತು ನಿಮಿಷದ ದಡ, ಅಷ್ಟೇ. ಎಲ್ಲವನ್ನೂ ನೋಡಿದ್ದೇನೆ ಎಂದು ಬೀಗುತ್ತಿದ್ದೆ. ನಿವೃತ್ತಿಯಾದ ದಿನ ನೀನು ಹೇಳಿದ್ದು ನೆನಪಿದೆ: "ಲೋ ಮುದುಕಾ, ಇನ್ನಾದ್ರೂ ಕಾರಲ್ಲಿ ಕೂರಿಸ್ಕೊಂಡು ಒಂದು ಸುತ್ತು ಹಾಕ್ಸು. ಊರೋರ ಹೆಂಡ್ತೀರ್ನೆಲ್ಲ ಹಡಗು ಹತ್ತಿಸ್ದೆ, ನನ್ನ ಯಾವಾಗ ಹತ್ತಿಸ್ತೀಯ?" ಅದಕ್ಕೂ ಮೂರು ವರ್ಷ ಕಾಯಿಸಿದೆ.

ಹೊರಟೆವು. ಆ ಹನ್ನೊಂದು ದಿನಗಳಲ್ಲಿ ನಾವು ಒಟ್ಟಿಗೆ ಕೂತು ಸಮುದ್ರ ನೋಡಿದ್ದು ಎಷ್ಟು ಹೊತ್ತು, ಅನೆಜೀನಾ? ನಮ್ಮ ಹಡಗುಗಳ ನಿಯಮ ನಿನಗೂ ಗೊತ್ತಿದೆ. ಕಾರು ಒಳಗೆ ಹೋಗುವಾಗ ಚಾಲಕ ಒಬ್ಬನೇ ಇರಬೇಕು, ಉಳಿದವರು ಇಳಿದು ನಡೆದು ಹತ್ತಬೇಕು. ಇಳಿಯುವಾಗಲೂ ಹಾಗೆಯೇ. ನೀನು ಕೈಚೀಲ ಹಿಡಿದು ಮೆಟ್ಟಿಲೇರಿ ಹೋಗುತ್ತಿದ್ದೆ. ನಾನು ಕಾರು ನಿಲ್ಲಿಸಿ ನಿನ್ನ ಹಿಂದೆಯೇ ಬರಬೇಕಿತ್ತು. ಬರಲಿಲ್ಲ. ಕೆಳಗೆ ಈಗ ನನ್ನ ಜಾಗದಲ್ಲಿ ಕೆಲಸ ಮಾಡುವ ಪ್ರೊಕೋಪಿಸ್ ಇದ್ದ, ನಾನೇ ಕೆಲಸ ಕಲಿಸಿದ ಹುಡುಗರಿದ್ದರು, ಅವರ ಕಾಫಿ ಇತ್ತು, ಹಳೆಯ ಬಿರುಗಾಳಿಗಳ ಕಥೆಯಿತ್ತು. ಸೀರೊಸ್ ದ್ವೀಪದವರೆಗೆ ಹರಟಿದೆ, ನಾಕ್ಸೊಸ್‌ವರೆಗೆ ಹರಟಿದೆ. ನೀನು ಮೇಲೆ ಗಾಳಿಗೆ ತಲೆವಸ್ತ್ರ ಬಿಗಿದುಕೊಂಡು ಒಬ್ಬಳೇ ಕೂತಿದ್ದೆ. ಪಕ್ಕದ ಕುರ್ಚಿಯ ಮೇಲೆ ನನಗೆಂದು ನಿನ್ನ ಕೋಟು ಹಾಕಿಟ್ಟಿದ್ದೆ. ನಾನು ಬಂದು, "ಇಲ್ಲಿ ಯಾರಾದ್ರೂ ಕೂತಿದಾರಾ ಮೇಡಂ?" ಎಂದು ತಮಾಷೆ ಮಾಡಿದ್ದಕ್ಕೆ ನೀನು, "ಒಬ್ರು ಬರ್ತೀನಿ ಅಂದಿದ್ರು, ಮೂವತ್ತೆಂಟು ವರ್ಷ ಆಯ್ತು" ಅಂದೆ. ಪಕ್ಕದವರೆಲ್ಲ ನಕ್ಕರು. ನಾನೂ ನಕ್ಕೆ.

ನಾಕ್ಸೊಸ್‌ನಲ್ಲಿ ಊಟಕ್ಕೆ ಕೂತಾಗ ನೀನು ಕೇಳಿದೆ. ಆಲೂಗಡ್ಡೆಯ ತಟ್ಟೆಯನ್ನು ನನ್ನ ಕಡೆ ಸರಿಸುತ್ತ, ನನ್ನ ಮುಖ ನೋಡದೆ, "ಫೋಲೆಗಾಂದ್ರೊಸಲ್ಲಿ ಒಂದು ದಿನ ಇಳಿಯೋಣ ಕಣಯ್ಯ. ಒಂದು ಕಾಫಿ ಕುಡಿಯೋಷ್ಟು ಹೊತ್ತು ಸಾಕು. ಅವನು ನಮ್ಮ ಮಗ. ಮಗುಗೆ ನಾಲ್ಕು ತುಂಬ್ತಿದೆ, ತಾತ ಅನ್ನೋರ ಮುಖ ಕಂಡಿಲ್ಲ" ಅಂದೆ. ನಾನು ಬಹಳ ಹೊತ್ತು ಬ್ರೆಡ್ಡು ಹರಿಯುತ್ತ ಕೂತಿದ್ದೆ. ಆಮೇಲೆ, "ಆಯ್ತು, ಇಳಿಯೋಣ" ಅಂದೆ. ನೀನು ಎದ್ದು ಬಂದು ಆ ಹೋಟೆಲಿನವರೆಲ್ಲರ ಎದುರಿಗೇ ನನ್ನ ತಲೆಗೆ ಮುತ್ತಿಟ್ಟೆ. ಆ ಮಾತನ್ನು ನಾನು ಸುಳ್ಳಾಗಿ ಆಡಿರಲಿಲ್ಲ. ಇದೊಂದನ್ನು ನಂಬು.

ನನ್ನ ಕೋಪದ ಕಾರಣವನ್ನು ನಿನಗೆ ವಿವರಿಸಬೇಕಾಗಿಲ್ಲ, ಆದರೂ ಒಮ್ಮೆ ಬರೆದು ನೋಡುತ್ತೇನೆ, ಕಾಗದದ ಮೇಲೆ ಹೇಗೆ ಕಾಣುತ್ತದೋ. ಗಂಡಿನ ಕಡೆಯ ಅಜ್ಜನ ಹೆಸರು ಮೊದಲ ಮೊಮ್ಮಗನಿಗೆ. ನನ್ನಪ್ಪ ಹಾಗೆ ಮಾಡಿದ, ನಾನೂ ಅವನ ಹೆಸರನ್ನೇ ಮಗನಿಗಿಟ್ಟು ಸಿದೆರಿಸ್ ಎಂದು ಕರೆದೆ. ಸಿದೆರಿಸ್‌ಗೆ ಗಂಡುಮಗು ಹುಟ್ಟಿದಾಗ ಅದು ನನ್ನ ಹೆಸರಿನ ಅರ್ಗೀರಿಸ್ ಆಗಬೇಕಿತ್ತು. ಅವನು ಲೊಯಿಜೊಸ್ ಎಂದಿಟ್ಟ, ಸೊಸೆ ಮರೂಸಳ ಅಪ್ಪನ ಹೆಸರು. ಆ ಮನುಷ್ಯ ಮೊಮ್ಮಗು ಹುಟ್ಟುವುದಕ್ಕೆ ಎರಡು ತಿಂಗಳ ಮೊದಲು ದೋಣಿ ಮಗುಚಿ ಸತ್ತಿದ್ದ. "ಅಪ್ಪಾ, ನೀವು ಇದ್ದೀರಿ, ಅವರು ಇಲ್ಲ. ಮರೂಸ ಅಳ್ತಾ ಇದಾಳೆ. ಎರಡನೇದಕ್ಕೆ ನಿಮ್ಮ ಹೆಸರೇ ಇಡ್ತೀವಿ" ಎಂದು ಹುಡುಗ ಫೋನಿನಲ್ಲಿ ಬೇಡಿಕೊಂಡ. "ಹಾಗಾದ್ರೆ ನಾನೂ ಸತ್ತೆ ಅಂದ್ಕೋ" ಎಂದು ಫೋನಿಟ್ಟೆ. ನಾಮಕರಣಕ್ಕೆ ಹೋಗಲಿಲ್ಲ. ನೀನು ಒಬ್ಬಳೇ ಹೋಗಿ ಬಂದೆ. ಅಲ್ಲಿ ಹಂಚಿದ ಸಕ್ಕರೆ ಬಾದಾಮಿಯ ಪೊಟ್ಟಣ ತಂದು ಮೇಜಿನ ಮೇಲಿಟ್ಟೆ, ನಾನು ಅದನ್ನು ಬಿಚ್ಚಲೂ ಇಲ್ಲ.

ಬರೆದದ್ದನ್ನು ಓದಿಕೊಂಡೆ. ಎಷ್ಟು ಚಿಕ್ಕದಾಗಿ ಕಾಣುತ್ತದೆ.

ಈಗ ಆ ದಿನಕ್ಕೆ ಬರುತ್ತೇನೆ. ಇಯೊಸ್‌ನಲ್ಲಿ ಬೆಳಿಗ್ಗೆ ನೀನು ಬೀದಿಯ ಕೊನೆಯ ಬೇಕರಿಗೆ ಹೋಗಿದ್ದೆ. ಚೀಲಗಳನ್ನು ಹಿಂದಿನ ಡಿಕ್ಕಿಗೆ ಹಾಕುವಾಗ ನಿನ್ನದೊಂದು ಚೀಲ ಬಾಯಿ ಬಿಟ್ಟುಕೊಂಡಿತ್ತು. ಒಳಗೆ ನೀಲಿ ಸ್ವೆಟರ್, ಪುಟ್ಟದು. ಸ್ತಮಾತ್ಯಾಳ ಮೊಮ್ಮಗನಿಗೆ ಎಂದು ನನಗೆ ಹೇಳಿ ನೀನು ಇಡೀ ಬೇಸಿಗೆ ಹೆಣೆಯುತ್ತಿದ್ದದ್ದು. ಎದೆಯ ಮೇಲೆ ಬಿಳಿ ದಾರದಲ್ಲಿ ಲೊಯಿಜೊಸ್ ಎಂದು ಪೂರ್ತಿ ಹೆಸರು. ನಿನ್ನ ಕೈಯಿಂದ, ನನ್ನ ಮನೆಯಲ್ಲಿ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಆ ಹೆಸರನ್ನು ಹೆಣೆದಿದ್ದೆ. ನನಗೆ ಮೈಯೆಲ್ಲ ಉರಿದುಹೋಯಿತು. ಸ್ವೆಟರನ್ನು ಮಡಿಸಿ ಇದ್ದಲ್ಲೇ ಇಟ್ಟೆ. ನೀನು ಬಿಸಿ ಗಿಣ್ಣಿನ ಪೈ ತಂದುಕೊಟ್ಟೆ, ನಾನು ತಿಂದೆ. "ಯಾಕೆ ಮುಖ ಹೀಗೆ?" ಎಂದು ನೀನು ಕೇಳಿದೆ. "ಬಿಸಿಲು" ಎಂದೆ ನಾನು.

ಬಂದರಿನಲ್ಲಿ ನೀನು ಇಳಿದು ನಡೆದುಹೋದೆ. ಪ್ರಯಾಣಿಕರ ಮೆಟ್ಟಿಲ ಬಳಿ ತಿರುಗಿ ಕೈಬೀಸಿದೆ. ಹಸಿರು ಅಂಗಿ ತೊಟ್ಟಿದ್ದೆ, ಕೂದಲು ಆ ಬೆಳಿಗ್ಗೆ ತಾನೇ ತೊಳೆದಿದ್ದೆ. ಅಷ್ಟರಲ್ಲಿ ಪ್ರೊಕೋಪಿಸ್ ಕಿಟಕಿಯ ಬಳಿ ಬಗ್ಗಿ, ಪ್ರತಿ ಕಾರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದ: "ಎಲ್ಲಿಗಣ್ಣಾ?"

ಈ ಪ್ರಶ್ನೆ ಯಾಕೆಂದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮೊದಲು ಇಳಿಯುವವರನ್ನು ಬಾಗಿಲ ಹತ್ತಿರ ನಿಲ್ಲಿಸುತ್ತೇವೆ, ದೂರದವರನ್ನು ಒಳಗೆ ತಳ್ಳುತ್ತೇವೆ. ಒಳಗೆ ಸೇರಿಕೊಂಡ ಕಾರು ನಡುವಿನ ಬಂದರಿನಲ್ಲಿ ಏನು ಮಾಡಿದರೂ ಹೊರಗೆ ಬರುವುದಿಲ್ಲ. ಆ ಹಡಗಿಗೆ ಫೋಲೆಗಾಂದ್ರೊಸ್ ನಡುವಿನ ಬಂದರು, ಮಿಲೋಸ್ ಅದರಾಚೆಯದು.

"ಮಿಲೋಸ್" ಅಂದೆ.

ಅವನು ಹುಬ್ಬೇರಿಸಿದ. "ಅತ್ತಿಗೆ ಫೋಲೆಗಾಂದ್ರೊಸ್ ಅಂದಿದ್ರಲ್ಲಾ?" ಅಂದ. "ಮಿಲೋಸ್ ಅಂದ್ನಲ್ಲ, ಕಿವಿ ಕೇಳಲ್ವಾ?" ಎಂದು ಗದರಿದೆ. ಗುರುವಿನ ಮಾತು, ಅವನು ಮೀರಲಿಲ್ಲ. ನನ್ನನ್ನು ಮೂಲೆಗೆ ತೆಗೆದುಕೊಂಡ. ಮುಂದೆ ಒಂದು ತರಕಾರಿ ಲಾರಿ, ಪಕ್ಕದಲ್ಲಿ ಇನ್ನೊಂದು.

ಅಂದರೆ, ಬ್ಯಾಟರಿ ಕೈಕೊಟ್ಟಿತು, ಅದಕ್ಕೇ ಇಳಿಯಲಾಗಲಿಲ್ಲ ಎಂದು ನಾನು ಆಮೇಲೆ ಫೋನಿನಲ್ಲಿ ಹೇಳಿದ್ದು ಸುಳ್ಳು. ನಿನಗದು ಆಗಲೇ ಗೊತ್ತಾಗಿತ್ತು. "ಮೂವತ್ತೊಂದು ವರ್ಷ ಕೆಟ್ಟ ಕಾರುಗಳನ್ನ ಎರಡು ನಿಮಿಷದಲ್ಲಿ ತಳ್ಳಿ ಹೊರಗೆ ಹಾಕ್ದೋನು ನೀನು. ನನಗೆ ಬ್ಯಾಟರಿ ಕಥೆ ಹೇಳ್ಬೇಡ" ಎಂದು ಫೋನಿಟ್ಟೆ. ಆದರೆ ಕೊನೆಯ ಗಳಿಗೆಯಲ್ಲಿ ಧೈರ್ಯ ಸಾಲದೆ ಕೂತುಬಿಟ್ಟ ಎಂದು ನೀನು ತಿಳಿದಿರಬೇಕು. ಸಿದೆರಿಸ್‌ಗೂ ಹಾಗೇ ಹೇಳಿದ್ದೀಯಂತೆ. ಇಲ್ಲ, ಅನೆಜೀನಾ. ನೀನು ನನಗೆ ಕೈಬೀಸುತ್ತಿದ್ದಾಗಲೇ ನಾನು ತೀರ್ಮಾನ ಮಾಡಿಯಾಗಿತ್ತು. ಆಮೇಲೆ ಮೇಲೆ ಬಂದು ಎರಡು ಗಂಟೆ ನಿನ್ನ ಪಕ್ಕದಲ್ಲಿ ಕೂತಿದ್ದೆ. ಇಡೀ ಪ್ರವಾಸದಲ್ಲಿ ಅದೊಂದೇ ಸಲ ಪೂರ್ತಿ ಹೊತ್ತು ಕೂತಿದ್ದೆ, ನಿನಗೆ ಎಷ್ಟು ಸಂತೋಷವಾಗಿತ್ತು! ಮಗುವಿಗೆ ಏನು ಹೇಳಬೇಕು, ಮರೂಸಳಿಗೆ ಏನು ಹೇಳಬಾರದು ಎಂದು ನನಗೆ ಪಾಠ ಮಾಡಿದೆ. ನಾನು ಹೂಂ ಹೂಂ ಅಂದೆ.

ನಾನು ಕೆಳಗೆ ಹೋಗಿ ಕಾರಿನಲ್ಲಿ ಕೂತೆ, ಹಿಂಬಾಗಿಲು ಇಳಿಯಿತು. ಲಾರಿಗಳ ಸಂದಿಯಲ್ಲಿ ಒಂದು ಪಟ್ಟಿ ದಡ ಕಂಡಿತು. ನೀನು ಜನರ ಜೊತೆ ಇಳಿದು ಹೋದೆ. ಸಿದೆರಿಸ್ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ, ಅಪ್ಪ ಬರುತ್ತಾನೆಂದು. ಹೆಗಲ ಮೇಲೆ ಮಗು. ನೀವು ಮೂವರೂ ಹೊರಗೆ ಬರುವ ಒಂದೊಂದು ಕಾರನ್ನೂ ನೋಡುತ್ತಿದ್ದಿರಿ. ಕಾರು ಸಿಕ್ಕಿಕೊಂಡಿತ್ತು, ನಿಜ. ನನ್ನ ಕಾಲು ಸಿಕ್ಕಿಕೊಂಡಿರಲಿಲ್ಲವಲ್ಲ? ಬಾಗಿಲು ತೆರೆದು ನಲವತ್ತು ಹೆಜ್ಜೆ ನಡೆದಿದ್ದರೆ ಸಾಕಿತ್ತು. ಪ್ರೊಕೋಪಿಸ್ ಓಡಿಬಂದು, "ಅಣ್ಣಾ, ಅತ್ತಿಗೆ ಕೆಳಗಿಳಿದ್ರು! ಮಗು ಕರ್ಕೊಂಡು ಬಂದವ್ರೆ ಕಣಣ್ಣಾ, ಇಳಿ! ಕಾರು ನಾನು ವಾಪಸ್ ಬರೋವಾಗ ತಂದ್ಕೊಡ್ತೀನಿ" ಅಂದ. ನಾನು ಸ್ಟೀರಿಂಗ್ ಹಿಡಿದು ಕೂತೇ ಇದ್ದೆ. ಬಾಗಿಲು ಮೇಲೇಳುವಾಗ ಮೊದಲು ನಿನ್ನ ಚಪ್ಪಲಿ ಮರೆಯಾಯಿತು, ಆಮೇಲೆ ಹಸಿರು ಅಂಗಿ.

ಈ ವರ್ಷವಿಡೀ ನಾನು ಹೆಚ್ಚಾಗಿ ಯೋಚಿಸಿದ್ದು ಯಾರ ಬಗ್ಗೆ, ಗೊತ್ತೇ? ನಿನ್ನಪ್ಪನ ಬಗ್ಗೆ. ನಮ್ಮ ಸಿದೆರಿಸ್‌ನ ನಾಮಕರಣದಲ್ಲಿ ಮಾವ ರೂಸೊಸ್ ಎಲ್ಲರಿಗಿಂತ ಜೋರಾಗಿ ಕುಣಿದರು. ಮುಂದಿನದು ತಮ್ಮ ಹೆಸರಿನದು ಎಂದು ನೆಂಟರಿಗೆಲ್ಲ ಹೇಳುತ್ತಿದ್ದರು. ನಮಗೆ ಮುಂದಿನದು ಆಗಲಿಲ್ಲ. ಅವರ ಹೆಸರು ಯಾರಿಗೂ ಸಿಗಲಿಲ್ಲ, ಅವರ ಜೊತೆಗೇ ಹೋಯಿತು. ನೀನು ಆ ವಿಷಯ ಒಂದು ದಿನವೂ ಎತ್ತಲಿಲ್ಲ. ನಿನ್ನಪ್ಪ ಸಾಯುವ ತನಕ ಪ್ರತಿ ಈಸ್ಟರಿಗೂ ಸಿದೆರಿಸ್‌ನನ್ನು ಅದೇ ಹೆಸರಿನಿಂದ, ನನ್ನಪ್ಪನ ಹೆಸರಿನಿಂದ, ಬಾಯ್ತುಂಬ ಕರೆದು ಎತ್ತಿಕೊಳ್ಳುತ್ತಿದ್ದರು. ನನಗೆ ಅದು ಆಗ ಕಾಣಲಿಲ್ಲ. ನಾನು ಒಳ್ಳೆಯ ಗಂಡನಾಗಿರಲಿಲ್ಲ ಎನ್ನುವುದನ್ನು ಹೇಗೋ ನುಂಗಿಕೊಳ್ಳಬಹುದು. ಅವರಷ್ಟು ದೊಡ್ಡ ಮನಸ್ಸು ನನಗಿರಲಿಲ್ಲವಲ್ಲ, ಅದು ಗಂಟಲಲ್ಲೇ ನಿಂತಿದೆ.

ಸ್ವೆಟರ್ ನನ್ನ ಜೊತೆ ಮಿಲೋಸ್‌ಗೆ ಹೋಗಿ, ಅಲ್ಲಿಂದ ಮನೆಗೆ ಬಂತು. ಈಗ ಕಳಿಸುತ್ತಿದ್ದೇನೆ. ಅವನಿಗೆ ಆಗುವುದಿಲ್ಲ ಎಂದು ಗೊತ್ತು. ಕಳೆದ ಚಳಿಗಾಲದಲ್ಲೇ ಕಳಿಸಬೇಕಿತ್ತು, ದಿನಾ ಕಪಾಟು ತೆಗೆದು ನೋಡಿ ಮುಚ್ಚುತ್ತಿದ್ದೆ. ತಪ್ಪಾಯಿತು. ಎಲ್ಲದಕ್ಕೂ ತಪ್ಪಾಯಿತು.

ನೀನು ವಾಪಸ್ ಬಾ ಎಂದು ಕರೆಯುವುದಿಲ್ಲ. ಆ ಮುಖ ನನಗಿಲ್ಲ. ನಾನೇ ಬರಬಹುದೇ ಎಂದು ಕೇಳುತ್ತಿದ್ದೇನೆ. ಕಾರು ತರುವುದಿಲ್ಲ. ಕೈಚೀಲ ಹಿಡಿದು, ಎಲ್ಲರ ಹಾಗೆ ಮೆಟ್ಟಿಲಿಳಿದು ನಡೆದು ಬರುತ್ತೇನೆ. ಸಿದೆರಿಸ್ ಬೈಯಲಿ, ಮರೂಸ ಮಾತಾಡದಿರಲಿ. ನಿನಗೆ ಬೇಡವೆನಿಸಿದರೆ ಉತ್ತರ ಬರೆಯಬೇಡ, ನಾನು ಅರ್ಥಮಾಡಿಕೊಳ್ಳುತ್ತೇನೆ.

ನಿನಗೆ ಕೊಟ್ಟ ಮಾತು ಉಳಿಸಿಕೊಳ್ಳದ,
ಅರ್ಗೀರಿಸ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗದೆ ಬಿಟ್ಟದ್ದು. ಈ ವರ್ಷ ನಾನು ನಾಲ್ಕು ಸಲ ಫೋಲೆಗಾಂದ್ರೊಸ್‌ಗೆ ಬಂದಿದ್ದೇನೆ. ಪ್ರತಿ ಸಲವೂ ಕಾರಿನಲ್ಲೇ, ಪ್ರತಿ ಸಲವೂ ಮಿಲೋಸ್ ಎಂದು ಹೇಳಿಯೇ. ಆದರೆ ಪ್ರೊಕೋಪಿಸ್ ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ನನ್ನನ್ನು ಬಾಗಿಲ ಪಕ್ಕದಲ್ಲೇ ನಿಲ್ಲಿಸುತ್ತಿದ್ದ, ಇಳಿದೇನು ಎಂಬ ಆಸೆಯಿಂದ. ಅಕ್ಟೋಬರಿನಲ್ಲಿ ನೀನು ಯಾವುದೋ ಪಾರ್ಸೆಲ್ ತೆಗೆದುಕೊಳ್ಳಲು ಬಂದಿದ್ದೆ. ಆಫೀಸಿನವನ ಜೊತೆ ಮಾತಾಡುತ್ತಿದ್ದೆ, ಬೆನ್ನು ಈ ಕಡೆಗಿತ್ತು. ಮಗು ನಿನ್ನ ಕೈ ಬಿಡಿಸಿಕೊಂಡು ಹಿಂಬಾಗಿಲಿನ ಅಂಚಿನವರೆಗೆ ಓಡಿಬಂದು, ನನ್ನನ್ನೇ ನೋಡಿ, ಪ್ರೊಕೋಪಿಸ್‌ನನ್ನು ಕೇಳಿತು: "ಆ ತಾತ ಯಾಕೆ ಇಳೀತಿಲ್ಲ?" ಪ್ರೊಕೋಪಿಸ್ ನನ್ನ ಕಡೆ ತಿರುಗಿ, ಉತ್ತರ ನಾನೇ ಕೊಡಲಿ ಎಂದು ಕಾದ. ನಾನು ಕಿಟಕಿಯ ಗಾಜು ಏರಿಸಿದೆ.