ಎರಡನೇ ಗೇರು ಬಿತ್ತು, ಮಾವ

ತೀರ್ಥರೂಪ ಸಮಾನರಾದ ಮಾವನವರಿಗೆ,

ಬಿಳಿಗೆರೆ ತೋಟದ ಮನೆಯಿಂದ ನಿಮ್ಮ ಸೊಸೆ ಪವಿತ್ರಾ ಮಾಡುವ ಶರಣು.

ಮೊನ್ನೆ ಬೆಳಿಗ್ಗೆ ಮೈಸೂರಿನ ಆಸ್ಪತ್ರೆಯಿಂದ ನಿಮ್ಮ ಮಗ ರುದ್ರೇಶ್ ಅವರ ಫೋನ್ ಬಂದಾಗ ನಾನು ಒಲೆಯ ಮುಂದಿದ್ದೆ. ಅವರು ನಗುತ್ತಿದ್ದರು, ಅಳುತ್ತಲೂ ಇದ್ದರು. ಎದೆಯ ಆಪರೇಷನ್ ಆದ ಮೇಲೆ ನೀವು ಕಣ್ಣು ಬಿಟ್ಟಿರಂತೆ. ನರ್ಸಮ್ಮ ಹೆಸರು ಕೇಳಿದರೆ ಶಂಭುಲಿಂಗಯ್ಯ ಅಂದಿರಂತೆ, ಊರು ಕೇಳಿದರೆ ಬಿಳಿಗೆರೆ ಅಂದಿರಂತೆ. ಆಮೇಲೆ ಮಗನ ಮುಖ ನೋಡಿ, "ಕಾರಿನ್ ಎರಡ್ನೇ ಗೇರು ಏನಾಯ್ತಂತ್ಲಾ?" ಎಂದು ಕೇಳಿದಿರಂತೆ. "ನಾನು ಏನು ಹೇಳ್ಲಿ ಪವಿತ್ರಾ, ನಂಗೆ ಅದ್ರ ಗಂಧಗಾಳಿ ಗೊತ್ತಿಲ್ಲ. ನೀನೇ ಬರೆದು ಕೊಡು, ಓದಿ ಹೇಳ್ತೀನಿ" ಅಂದರು. ನೀವಿರುವ ಕಡೆ ಫೋನ್ ಬಿಡುವುದಿಲ್ಲ. ಅವರು ನಾಳೆ ಬಟ್ಟೆಬರೆಗೆಂದು ಮನೆಗೆ ಬರುತ್ತಾರೆ, ಅಷ್ಟು ಹೊತ್ತು ನಿಮ್ಮ ಮಗಳು ಸೌಮ್ಯಕ್ಕ ನಿಮ್ಮ ಹತ್ತಿರ ಇರುತ್ತಾರಂತೆ. ಈ ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಆಯಾಸವಾದರೆ ಅರ್ಧಕ್ಕೆ ನಿಲ್ಲಿಸಲು ಹೇಳಿ. ಉಳಿದದ್ದು ಎಲ್ಲಿಗೂ ಓಡಿಹೋಗುವುದಿಲ್ಲ.

ನನ್ನನ್ನು ನೋಡಲು ಬಂದ ದಿನ ನಿಮ್ಮ ಕಡೆಯವರೆಲ್ಲ ರೊಟ್ಟಿ ತಟ್ಟಲು ಬರುತ್ತದಾ, ಪೂಜೆ ಮಾಡುತ್ತಾಳಾ ಎಂದು ವಿಚಾರಿಸುತ್ತಿದ್ದರು. ಡಿಪ್ಲೊಮಾ ಮೆಕ್ಯಾನಿಕಲ್ ಓದಿದ್ದಾಳೆ ಎಂದು ನಮ್ಮಪ್ಪ ಅಂಜುತ್ತಾ ಅಂಜುತ್ತಾ ಹೇಳಿದಾಗ ನೀವೊಬ್ಬರೇ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಿರಿ. "ಗೇರ್ ಬಾಕ್ಸ್ ಬಿಚ್ಚಿದ್ದೀಯೇನವ್ವ?" ಅಂದಿರಿ. ಬಿಚ್ಚಿದ್ದೇನೆ ಅಂದೆ. "ತಿರ್ಗಾ ಸೇರ್ಸಿದ್ಯಾ?" ಅಂದಿರಿ. ಸೇರಿಸಿದೆ, ಎರಡು ಸಾಮಾನು ಮಿಕ್ಕಿದವು ಅಂದೆ. ನೀವು ನಕ್ಕ ನಗುವಿಗೆ ನನ್ನ ಹೆದರಿಕೆಯೆಲ್ಲ ಹೋಯಿತು. ಈ ಮನೆಗೆ ಬರಲು ಒಪ್ಪಿದ್ದು ಗಂಡನನ್ನು ನೋಡಿಯೋ ಮಾವನನ್ನು ನೋಡಿಯೋ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಉತ್ತರ ಕಷ್ಟ. ಇದನ್ನು ಓದುವಾಗ ನಿಮ್ಮ ಮಗ ಮುಖ ಸಿಂಡರಿಸಿದರೆ ಸಿಂಡರಿಸಲಿ.

ವಯಸ್ಸಿನಲ್ಲಿ ಕೊಬ್ಬರಿ ಲಾರಿ ಓಡಿಸಿ, ಆಮೇಲೆ ಮಂಡಿ ವ್ಯಾಪಾರಕ್ಕೆ ಕೂತು, ಅರವತ್ತು ದಾಟಿದ ಮೇಲೆ ನಿಮಗೆ ತಲೆಯ ಮೇಲೆ ಸೂರಿಲ್ಲದ, ನೆಲಕ್ಕೆ ಹೊಟ್ಟೆ ತಾಗುವಂಥ ಕಾರಿನ ಆಸೆ ಹುಟ್ಟಿತು. ಕೊಯಮತ್ತೂರಿನಿಂದ ಲಾರಿಯಲ್ಲಿ ಬಿಡಿಬಿಡಿಯಾಗಿ ಬಂದ, ನಾವೇ ಜೋಡಿಸಬೇಕಾದ ಆ ಕಾರನ್ನು ಕೊಬ್ಬರಿ ಅಟ್ಟದ ಕೆಳಗೆ ಇಳಿಸಿಕೊಂಡ ದಿನ ಊರೇ ನೆರೆದಿತ್ತು. ಪೈಪಿನ ಚಾಸಿ, ಫೈಬರ್ ಮೈ, ಎಂಜಿನ್ ಎಲ್ಲ ಕಂಪನಿಯವರೇ ಕಳಿಸಿದ್ದರು. ಗೇರ್ ಬಾಕ್ಸ್ ಮಾತ್ರ ನಿಮ್ಮ ಇಷ್ಟ ಎಂದಿದ್ದರು. ನಮ್ಮಿಬ್ಬರ ಜಗಳ ಶುರುವಾದದ್ದೇ ಅಲ್ಲಿಂದ. ರುದ್ರೇಶ್ ಆಟೊಮ್ಯಾಟಿಕ್ ಹಾಕಿಸಿ, ಕ್ಲಚ್ ತುಳಿಯುವ ತಾಪತ್ರಯ ಇರುವುದಿಲ್ಲ ಅಂದರು. ನೀವು ಕೈ ಬೀಸಿ ಅದನ್ನು ತಳ್ಳಿಹಾಕಿದಿರಿ. ನಾನು ಹಳೆಯ ಜೀಪಿನ ನಾಲ್ಕು ಗೇರಿನ ಬಾಕ್ಸ್ ಗಟ್ಟಿ, ಅದೇ ಇರಲಿ ಅಂದೆ. "ಗಟ್ಟಿ ಅಂತ ಎತ್ತಿನ ನೊಗ ತಂದು ಸೈಕಲ್ಲಿಗೆ ಕಟ್ತಾರೇನವ್ವ?" ಅಂದಿರಿ. ಕಾರೇ ಹಗುರ, ಅದಕ್ಕೆ ಅಷ್ಟು ಭಾರದ ಬಾಕ್ಸ್ ಹಾಕಿದರೆ ಮೂಗು ತಗ್ಗಿಸಿಕೊಂಡು ಹೋಗುತ್ತದೆ, ಮೊದಲನೇ ಗೇರು ಹೊಲ ಉಳಲು ಸರಿ, ರಸ್ತೆಗಲ್ಲ ಎಂದಿರಿ. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದು ನಿಮ್ಮ ಮಾತು ತಪ್ಪು ಅಂತಲ್ಲ, ಸರಿ ಇದೆ ಅಂತಲೇ.

ಕೊನೆಗೆ ದಂಡಿನಶಿವರದ ಮಾಯಣ್ಣನ ಹುಣಸೆಮರದ ಕೆಳಗೆ ನಿಂತಿದ್ದ ಹಳೇ ಜಿಪ್ಸಿ ಜೀಪಿನಿಂದ ಐದು ಗೇರಿನ ಹಗುರ ಬಾಕ್ಸ್ ತಂದೆವು. ಅದರ ಮೇಲೆ ಕೋಳಿ ಮಲಗಿತ್ತು. ನೀವು ಕೋಳಿಯನ್ನು ಎಬ್ಬಿಸಿ, ಶಾಫ್ಟನ್ನು ಕೈಯಲ್ಲಿ ತಿರುಗಿಸಿ, ಮೇಲೆ ಕೆಳಗೆ ಅಲ್ಲಾಡಿಸಿ, ಒಂದೊಂದೇ ಗೇರು ಹಾಕಿ ನೋಡಿದಿರಿ. "ಇದ್ರಲ್ಲಿ ಕೊಬ್ರಿ ಮೂಟೆ ಬಿಟ್ರೆ ಇನ್ನೇನೂ ಹೇರಿಲ್ಲ ಕಣ್ರೀ" ಎಂದು ಮಾಯಣ್ಣ ಆಣೆ ಮಾಡಿದ. ಆದರೆ ಕೈಯಲ್ಲಿ ತಿರುಗಿಸಿದರೆ ಎಲ್ಲವೂ ತಿಳಿಯುವುದಿಲ್ಲವಲ್ಲ. ಕಾರು ಮೊದಲ ಸಲ ತೋಟದ ದಾರಿಗೆ ಇಳಿದಾಗ ಒಂದು, ಮೂರು, ನಾಲ್ಕು ಬೆಣ್ಣೆಯಂತೆ ಬಿದ್ದವು. ಮೂರರಿಂದ ಎರಡಕ್ಕೆ ಇಳಿಸುವಾಗ ಮಾತ್ರ ಕರ್ರ್ ಎಂದು ಹಲ್ಲು ಕಡಿಯಿತು. ಎಣ್ಣೆ ಇಳಿಸಿ ನೋಡೋಣ ಎಂದುಕೊಂಡಿದ್ದೆವು. ಅಷ್ಟರಲ್ಲಿ ಆ ಮಂಗಳವಾರ ಬಂತು.

ಅವತ್ತಿನದನ್ನು ನಾವಿಬ್ಬರೂ ಮಾತಾಡಿಲ್ಲ. ಮಾತಾಡಲು ಸಮಯವೇ ಸಿಗಲಿಲ್ಲ. ತೋಟದ ಕೊನೆಯ ಸಾಲಿನ ಹತ್ತಿರ ನೀವು ಕಾರು ನಿಲ್ಲಿಸಿ, "ಯಾಕೋ ಎಡಗೈ ಜೋಮು ಕಣವ್ವ" ಅಂದಿರಿ. ನಿಮ್ಮ ಹಣೆಯಲ್ಲಿ ಬೆವರು ಹನಿಹನಿಯಾಗಿ ನಿಂತಿತ್ತು. ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಬೇರೆ ಕಡೆ ಹೋಗಿದೆ, ಕಾಯಬೇಕು ಅಂದರು. ಮನೆಯ ದೊಡ್ಡ ಕಾರನ್ನು ರುದ್ರೇಶ್ ತುರುವೇಕೆರೆಗೆ ತೆಗೆದುಕೊಂಡು ಹೋಗಿದ್ದರು. ನಾವು ಕಟ್ಟಿದ ಈ ಕಾರಿಗೆ ಇನ್ನೂ ಆರ್‌ಟಿಒ ಕಾಗದವಾಗಿಲ್ಲ, ತೋಟ ಬಿಟ್ಟು ಹೊರಗೆ ಹೋಗಿಲ್ಲ ಎಂಬುದೆಲ್ಲ ನೆನಪಿಗೇ ಬರಲಿಲ್ಲ. ನಿಮ್ಮನ್ನು ಪಕ್ಕಕ್ಕೆ ಸರಿಸಿ ಕೂರಿಸಿ, ತಿಪಟೂರಿನ ಕಡೆ ಬಿಟ್ಟೆ.

ಮೊದಲ ಹಂಪು ಬಂದಾಗ ಎರಡಕ್ಕೆ ಇಳಿಸಲು ಹೋದೆ. ಗೇರು ಕಿರುಚಿಕೊಂಡು ಕೈಯನ್ನೇ ಒದ್ದು ಹಿಂದಕ್ಕೆ ತಳ್ಳಿತು. ಕಾರು ನಿಂತೇ ಹೋಯಿತು. ಹಿಂದಿನ ಲಾರಿಯವನು ಹಾರನ್ ಒತ್ತುತ್ತಿದ್ದ. ನಾನು ಕೀಲಿಯನ್ನು ಹಿಂದುಮುಂದಾಗಿ ತಿರುಗಿಸುತ್ತಿದ್ದೆ. ಆಗ ನೀವು ಕಣ್ಣು ಮುಚ್ಚಿಕೊಂಡೇ, ಒಂದು ಕೈಯಲ್ಲಿ ಎದೆ ಒತ್ತಿಕೊಂಡು ಹೇಳಿದಿರಿ: "ಗಾಬ್ರಿ ಬೇಡ ಕಣವ್ವ. ಕ್ಲಚ್ಚು ಎರಡು ಸಲ ತುಳಿ. ಮೊದ್ಲು ನ್ಯೂಟ್ರಲ್ಲಿಗೆ ತಂದು ಕಾಲು ಬುಡು. ಒಂಚೂರು ಆಕ್ಸಿಲೇಟರ್ ಕೊಡು. ತಿರ್ಗಾ ತುಳ್ದು ಎರಡಕ್ಕೆ ಹಾಕು. ನಮ್ಮ ಲಾರೀಲಿ ಎಲ್ಲಾ ಗೇರೂ ಹಿಂಗೇಯಾ."

ಮುಂದಿನ ಹಂಪಿನಲ್ಲಿ ಹಾಗೇ ಮಾಡಿದೆ. ಅರ್ಧ ಕಿರುಚಿತು. "ಆಕ್ಸಿಲೇಟರ್ ಸಾಲ್ದು" ಅಂದಿರಿ. ಅದರ ಮುಂದಿನದಕ್ಕೆ ಸದ್ದಿಲ್ಲದೆ ಬಿತ್ತು. "ಹಾಂ" ಅಂದಿರಿ, ಅಷ್ಟೇ. ಆಸ್ಪತ್ರೆಯ ಬಾಗಿಲಿನವರೆಗೂ ಪ್ರತಿ ಹಂಪಿಗೂ ಏನಾದರೂ ಒಂದು ಹೇಳುತ್ತಲೇ ಇದ್ದಿರಿ. ಆಗ ನನಗೆ ಹೊಳೆಯಲಿಲ್ಲ. ಅಲ್ಲಿಂದ ಮೈಸೂರಿಗೆ ನಿಮ್ಮನ್ನು ಸಾಗಿಸಿದ ಮೇಲೆ, ಖಾಲಿ ಸೀಟು ನೋಡುತ್ತಾ ನಿಂತಾಗ ಹೊಳೆಯಿತು. ನೀವು ಪಾಠ ಹೇಳುತ್ತಿದ್ದದ್ದು ಗೇರಿಗಾಗಿ ಅಲ್ಲ. ನಾನು ನಿಮ್ಮ ಮುಖ ನೋಡಬಾರದು, ರಸ್ತೆ ನೋಡಬೇಕು ಅಂತ. ಅಷ್ಟು ನೋವಿನಲ್ಲೂ ನನ್ನ ಭಯದ ಚಿಂತೆ ಮಾಡಿದ ನಿಮಗೆ ನಾನು ಇದುವರೆಗೆ ಏನೂ ಹೇಳಿಲ್ಲ ಮಾವ. ಈಗಲೂ ಹೇಳಲು ಬರುವುದಿಲ್ಲ.

ಅತ್ತೆ ಒಂದೇ ದಿನ ಆಸ್ಪತ್ರೆಯಲ್ಲಿದ್ದು, ತಲೆ ಸುತ್ತು ಬಂದು, ವಾಪಸ್ಸಾದರು. ಬಂದವರೇ ಅಟ್ಟದ ಕೆಳಗೆ ನಿಂತು ಕಾರು ನೋಡಿ, "ಇದೇ ನನ್ ಗಂಡನ್ನ ಮಲಗ್ಸಿದ್ದು. ನಾಳೇನೇ ಗುಜರಿಗೆ ಹಾಕ್ಬುಡು ಕಣೇ" ಅಂದರು. ನನ್ನ ಒಳಗೂ ಅದೇ ಹುಳ ಕೊರೆಯುತ್ತಿತ್ತು. ರಕ್ತನಾಳ ಕಟ್ಟಿಕೊಳ್ಳುತ್ತಾ ಬಂದು ವರ್ಷಗಳೇ ಆಗಿವೆ, ಬೇಗ ಕರೆತಂದದ್ದಕ್ಕೆ ಉಳಿದರು ಎಂದು ಡಾಕ್ಟರು ಹೇಳಿದ್ದನ್ನು ರುದ್ರೇಶ್ ಫೋನಿನಲ್ಲಿ ಅವರಿಗೆ ವಿವರಿಸಿದರು. ಅತ್ತೆ ಫೋನನ್ನು ನನ್ನ ಕೈಗಿತ್ತು ಕೊಟ್ಟಿಗೆಗೆ ಹೋದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಆ ಹುಳ ಕೊರೆಯುವುದು ನಿಂತಿತು.

ಆಪರೇಷನ್ ದಿನ ಸುಮ್ಮನೆ ಕೂರಲು ಆಗಲಿಲ್ಲ. ಬಾಕ್ಸ್ ಇಳಿಸಿದೆ. ಎಣ್ಣೆ ಇಳಿಸಲು ಕೆಳಗಿನ ಬೋಲ್ಟ್ ಬಿಚ್ಚುವಾಗ ಕಬ್ಬಿಣದ ಚೂರು ಬೀಳಬಾರದು ಎಂದು ಬೇಡಿಕೊಂಡೆ. ಬಿದ್ದಿದ್ದರೆ ಹಲ್ಲೇ ಮುರಿದಿದೆ ಎಂದರ್ಥ, ಬಾಕ್ಸೇ ಹೋಯಿತು. ನಾನು ಬೇಡಿಕೊಂಡದ್ದು ಗೇರಿಗೋ ನಿಮಗೋ, ಎರಡೂ ಕಲಸಿಹೋಗಿತ್ತು. ಎಣ್ಣೆಯಲ್ಲಿ ಚಿನ್ನದ ಪುಡಿಯಂತೆ ಹಿತ್ತಾಳೆ ಮಿನುಗುತ್ತಿತ್ತು, ಅಷ್ಟೇ. ಆಯಸ್ಕಾಂತ ಹಿಡಿದರೆ ಏನೂ ಅಂಟಲಿಲ್ಲ. ಒಳಗೆ ಹಲ್ಲುಗಳೆಲ್ಲ ಎಳೆ ಮಗುವಿನ ಹಲ್ಲಿನಂತಿವೆ. ಗೇರು ಸದ್ದಿಲ್ಲದೆ ಕೂರುವಂತೆ ವೇಗ ಹೊಂದಿಸುವ, ಎರಡನೇ ಗೇರಿನ ಹಿತ್ತಾಳೆ ಉಂಗುರ ಸವೆದಿತ್ತು. ಯಾರೋ ಹಿಂದಿನ ಆಕ್ಸಲ್ಲಿಗೆ ಹಾಕುವ ಎಣ್ಣೆಯನ್ನೇ ಇದಕ್ಕೂ ಸುರಿದಿದ್ದಾರೆ, ಅದು ಹಿತ್ತಾಳೆಯನ್ನು ತಿಂದಿದೆ. ಉಂಗುರ ಬದಲಿಸಿದೆ, ಸೀಲುಗಳನ್ನು ಹೊಸದು ಹಾಕಿದೆ, ಗೇರ್ ಬಾಕ್ಸಿಗೆ ಸಲ್ಲುವ ಎಣ್ಣೆ ತುಂಬಿದೆ. ನಿಮ್ಮ ಮಗನ ಫೋನ್ ಬಂದ ಬೆಳಿಗ್ಗೆ ಬಾಕ್ಸ್ ಇನ್ನೂ ನೆಲದ ಮೇಲೆ ಗೋಣಿಚೀಲದಲ್ಲಿತ್ತು. ಅದಕ್ಕೇ ಅವರಿಗೆ ಆಗಲೇ ಉತ್ತರ ಹೇಳಲಿಲ್ಲ.

ಇವತ್ತು ಮಧ್ಯಾಹ್ನ ಜೋಡಿಸಿ ಮುಗಿಸಿ, ಕೈ ತೊಳೆದುಕೊಂಡು ಕಾರು ಹೊರಗೆ ತೆಗೆಯುತ್ತಿದ್ದೆ. ಅತ್ತೆ ಬಂದು ಬಾಗಿಲಿನ ಹತ್ತಿರ ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಭುಜ ಹಿಡಿದು, ಕಷ್ಟಪಟ್ಟು ಅವತ್ತು ನೀವಿದ್ದ ಪಕ್ಕದ ಸೀಟಿಗೆ ಇಳಿದು ಕೂತರು. ತೋಟದ ದಾರಿಯಲ್ಲಿ ಹೋದೆವು. ತಿರುವಿನಲ್ಲಿ ಕ್ಲಚ್ ಒಂದೇ ಸಲ ತುಳಿದು ಮೂರರಿಂದ ಎರಡಕ್ಕೆ ತಂದೆ. ಸದ್ದೇ ಇಲ್ಲ ಮಾವ. ನಾನು ಬಿತ್ತು, ಬಿತ್ತು ಎಂದು ಕೂಗಿಬಿಟ್ಟೆ. ಅತ್ತೆ ನನ್ನನ್ನೂ ಗೇರಿನ ಕೋಲನ್ನೂ ನೋಡಿ, "ಇಷ್ಟೇನಾ? ಇದುಕ್ಕಾ ನೀವಿಬ್ರೂ ಊಟ ತಿಂಡಿ ಬಿಟ್ಟು ಕೂತಿದ್ದು?" ಅಂದರು. ಸ್ವಲ್ಪ ದೂರ ಹೋದ ಮೇಲೆ ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿದೆ ಎಂದು ಒರೆಸಿಕೊಂಡರು. ಕಾರು ಆಗ ನಡಿಗೆಯ ವೇಗದಲ್ಲಿತ್ತು. "ಇನ್ನೊಂದ್ ಸುತ್ತು ಹೊಡಿ" ಅಂದರು.

ನಿಮಗೆ ಸದ್ಯಕ್ಕೆ ಕ್ಲಚ್ ತುಳಿಯಲು ಡಾಕ್ಟರು ಬಿಡುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಪಕ್ಕದಲ್ಲಿ ಕೂತು ನನ್ನ ತಪ್ಪು ಹುಡುಕಿ, ಅದಕ್ಕೆ ಎದೆಯ ಬಲ ಬೇಕಿಲ್ಲ. ಆ ಸೀಟಿಗೆ ಈಗ ಅತ್ತೆಯೂ ಹಕ್ಕುದಾರರು, ಅದನ್ನು ನೀವೇ ಇತ್ಯರ್ಥ ಮಾಡಿಕೊಳ್ಳಿ.

ಯಾವಾಗಲೂ ಕಾಗದದ ಕೊನೆಗೆ ಹಿರಿಯರ ಆಶೀರ್ವಾದ ಬೇಡುವುದು ನಮ್ಮಂಥವರ ಪದ್ಧತಿ. ಈ ಒಂದು ಸಲ, ಚಿಕ್ಕವಳಾದರೂ, ನಾನೇ ಹರಸುತ್ತೇನೆ: ಶಿವ ನಿಮ್ಮ ಎದೆಯನ್ನು ಗಟ್ಟಿಯಾಗಿ, ನಿಮ್ಮ ನಾಲಿಗೆಯನ್ನು ಹೀಗೇ ಚುರುಕಾಗಿ ಇಟ್ಟಿರಲಿ. ಬೇಗ ಮನೆಗೆ ಬನ್ನಿ.

ನಿಮ್ಮ ಮನೆಮಗಳು,
ಪವಿತ್ರಾ