ಅರ್ಧ ಇಳಿದ ಶಟರಿನ ಒಳಗಿನಿಂದ

ಕನ್ನಡಕದ ಅಂಗಡಿಯ ಮ್ಯಾನೇಜರ್ ಸಾಹೇಬರೇ,

ಸಂಜೆ ಆರಕ್ಕೆ ನೀವು ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದು ನಿಲ್ಲಿಸುತ್ತೀರಿ. ಬೀದಿಯವರಿಗೆ ಅಂಗಡಿ ಮುಚ್ಚಿದೆ. ಒಳಗೆ ಕೂತ ನಮಗೆ ತೆರೆದಿದೆ. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ನನಗೆ ಆ ಹೊತ್ತಿನ ಕೆಲಸಕ್ಕೆ ಸಂಬಳವಿಲ್ಲ. ನನ್ನ ದೂರು ಇಷ್ಟೇ. ಖಾಸಗಿಯಾಗಿ ಹೇಳದೆ ಪತ್ರಿಕೆಗೆ ಬರೆದದ್ದೇಕೆ ಎಂದು ಕೇಳಬಹುದು. ಹೇಳಿದ್ದೆ. ಪ್ರತಿ ಸಲವೂ “ಆಮೇಲೆ ಕೂತು ಮಾತಾಡೋಣ” ಎಂದಿರಿ. ನಿಮ್ಮ ‘ಆಮೇಲೆ’ಯೂ ಆರರ ನಂತರವೇ ಬರುವುದರಿಂದ, ಸಂಬಳವಿಲ್ಲದ ಕೆಲಸದ ಬಗ್ಗೆ ಮಾತಾಡಲು ಸಂಬಳವಿಲ್ಲದೆ ಕೂರಬೇಕಾಗುತ್ತದೆ.

ನೀವು ಕೆಟ್ಟವರಲ್ಲ. ಗದರುವುದಿಲ್ಲ. ಹೆಗಲ ಮೇಲೆ ಕೈಯಿಟ್ಟು “ನಾವೆಲ್ಲ ಒಂದೇ ಮನೆಯವರ ಥರ ಅಲ್ವಾ?” ಎನ್ನುತ್ತೀರಿ. ಇರಬಹುದು. ಆದರೆ ನನಗೆ ಈಗಾಗಲೇ ಒಂದು ಮನೆಯಿದೆ. ಅಲ್ಲಿ ನನ್ನ ಹೆಂಡತಿಯಿದ್ದಾಳೆ. ಬೇಕರಿಯಲ್ಲಿ ಹಿಟ್ಟು ನಾದುವವಳು. ನಸುಕಿನಲ್ಲೇ ಹೋಗಬೇಕಾದ್ದರಿಂದ ಬೇಗ ಮಲಗುತ್ತಾಳೆ. ಆರಕ್ಕೆ ಹೊರಟರೆ ಅವಳ ಮುಖ ಸಿಗುತ್ತದೆ. ನಿಮ್ಮ “ಇನ್ನೊಂದೇ ಒಂದು ಜೊತೆ” ಮುಗಿಸಿ ಹೋದರೆ ಬೆನ್ನು. ಈಚೆಗೆ ನಾವು ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿ ಸಂಸಾರ ಮಾಡುತ್ತಿದ್ದೇವೆ. ಮೊನ್ನೆಯ ಚೀಟಿ: “ಹಾಲು ಮುಗಿದಿದೆ. ತಂಗಿಗೆ ಮದುವೆ ಗೊತ್ತಾಯಿತು. ಗೀಸರ್ ಕೆಟ್ಟಿದೆ.” ನಾದಿನಿಯ ಮದುವೆಯ ಸುದ್ದಿ ನನಗೆ ತಿಳಿದದ್ದು ಹೀಗೆ, ಹಾಲಿಗೂ ಗೀಸರಿಗೂ ನಡುವೆ.

ರಜೆಯ ದಿನ ಅವಳು ಕೇಳಿದಳು: “ಮ್ಯಾನೇಜರ್ ಮುಖ ನೋಡಿ ‘ಆಗಲ್ಲ’ ಅನ್ನೋಕೆ ಏನ್ರೀ ಕಷ್ಟ? ಒಲೆ ಆರಿದ ಮೇಲೆ ಹಿಟ್ಟು ಮುಟ್ಟು ಅಂತ ನಮ್ಮ ಬೇಕರಿ ಯಜಮಾನ್ರು ಅಂದ್ರೆ ನಾನು ಲಟ್ಟಣಿಗೆ ತೋರಿಸ್ತೀನಿ.”

“ನನ್ನ ಹತ್ರ ಲಟ್ಟಣಿಗೆ ಇಲ್ವಲ್ಲ.”

“ಬಾಯಿ ಇದೆಯಲ್ರೀ!”

ಇದೆ. ಆದರೆ ನಿಮ್ಮ ಕೈ ಹೆಗಲ ಮೇಲೆ ಬಿದ್ದೊಡನೆ ಅದು ಮುಚ್ಚಿಕೊಳ್ಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಶಟರಿನೊಂದಿಗೆ ದೀಪಗಳನ್ನೂ ನೀವು ಅರ್ಧಕ್ಕಿಳಿಸುತ್ತೀರಿ. ಬೆಳಕು ಕಂಡರೆ ಗಿರಾಕಿಗಳು ಬಗ್ಗಿ ಒಳಗೆ ಬಂದಾರು ಎಂಬ ಭಯ. ಊರಿನವರಿಗೆ ಚೆನ್ನಾಗಿ ಕಾಣಲೆಂದು ನಾವು ಕಣ್ಣೇ ಕಾಣದ ಬೆಳಕಿನಲ್ಲಿ ದುಡಿಯುತ್ತೇವೆ. ಹೋದ ವಾರ ಆ ಮಬ್ಬಿನಲ್ಲಿ ನಿಮ್ಮ ತಾಯಿಯವರ ಎರಡು ಜೊತೆ ಗಾಜುಗಳು ಅದಲುಬದಲಾದವು; ಓದುವ ಗಾಜು ಓಡಾಡುವ ಫ್ರೇಮಿಗೆ ಸೇರಿತು. ಮರುದಿನ ಅವರು ನಮ್ಮ ನುಣುಪು ನೆಲದ ಮೇಲೆ ಹೊಳೆ ದಾಟುವವರಂತೆ ಕಾಲೆತ್ತಿ ಎತ್ತಿ ಇಡುತ್ತಾ ಬಂದರು. “ನೆಲ ಎದ್ದೆದ್ದು ಬರ್ತಿದೆ ಕಣೋ, ಹಿಡ್ಕೋ!” ನೀವು ಓಡಿ ಹಿಡಿದುಕೊಂಡಿರಿ.

“ಯಾವಾಗಪ್ಪಾ ಕೂರಿಸಿದ್ದು ಇದನ್ನ?” ಎಂದು ಅವರು ನನ್ನನ್ನು ಕೇಳಿದರು.

“ಆರರ ಮೇಲೆ, ಅಮ್ಮಾ.”

“ಅಷ್ಟು ಹೊತ್ತಲ್ಲಿ ಇಲ್ಲೇನು ಮಾಡ್ತಿದ್ದೆ? ಮನೆಮಠ ಇಲ್ವಾ ನಿಂಗೆ?”

ನಾನು ನಿಮ್ಮನ್ನು ನೋಡಿದೆ. ನೀವು ಗಡಿಯಾರವನ್ನು ನೋಡಿದಿರಿ. ಅವರು ಹಳೆಯ ಕನ್ನಡಕ ಹಾಕಿಕೊಂಡು ಹೋದ ಮೇಲೆ ನೀವಾಡಿದ ಮಾತು: “ಸಂಜೆ ಸ್ವಲ್ಪ ಕೂತು ಸರಿಮಾಡಿಬಿಡಿ.” ಕೆಸರನ್ನು ಕೆಸರಿನಿಂದಲೇ ತೊಳೆಯುವ ವಿದ್ಯೆಯನ್ನು ತಾವು ಎಲ್ಲಿ ಕಲಿತಿರಿ?

ನಾನು ದೂರದೇಶಗಳ ಕಾದಂಬರಿಗಳನ್ನು ಅನುವಾದದಲ್ಲಿ ಓದುವವನು. ಅವುಗಳಲ್ಲಿ ಹೊತ್ತಾದೊಡನೆ ಗುಮಾಸ್ತರು ಕೋಟು ತೊಟ್ಟು ಮನೆಗೆ ಹೊರಡುತ್ತಾರೆ. ಅಲ್ಲಿನ ಗಾಡಿಗೆ, ಗಾಳಿಗೆ, ಟೋಪಿಗೆ ಅಡಿಟಿಪ್ಪಣಿ ಕೊಡುವ ಅನುವಾದಕರು ಈ ಹೊರಡುವುದಕ್ಕೆ ಮಾತ್ರ ಒಂದೂ ಟಿಪ್ಪಣಿ ಕೊಟ್ಟಿಲ್ಲ. ಇದು ಯಾರಿಗಾದರೂ ಅರ್ಥವಾಗುತ್ತದೆಂದು ನಂಬಿದ್ದಾರೆ. ಪಾಪ, ಅವರಿಗೆ ನಿಮ್ಮ ಪರಿಚಯವಿಲ್ಲ.

ನನ್ನ ಬೇಡಿಕೆ ಚಿಕ್ಕದು. ಆರರ ಮೇಲೆ ಕೆಲಸವಾಗಬೇಕಿದ್ದರೆ ಹಿಂದಿನ ದಿನವೇ ಕೇಳಿ. ಒಪ್ಪಿದರೆ ದೀಪ ಪೂರ್ತಿ ಹಾಕಿ, ಸಂಬಳವನ್ನೂ ಕೊಡಿ. ಒಪ್ಪದಿದ್ದರೆ ಮುಖ ಬಾಡಿಸಿಕೊಳ್ಳಬೇಡಿ. ಈ ಪತ್ರ ಓದಿ ನನ್ನನ್ನು ಕೆಲಸದಿಂದ ತೆಗೆಯುವ ಮನಸ್ಸಾದರೆ ಅದನ್ನೂ ಆರರೊಳಗೆ ತಿಳಿಸಿ.

ಇವತ್ತು ನಾನು ಆರಕ್ಕೇ ಹೊರಟುಬಂದೆ. ಬಾಗಿಲು ತೆಗೆದ ಹೆಂಡತಿ ಗಾಬರಿಯಾಗಿ ಹಣೆ ಮುಟ್ಟಿದಳು: “ಯಾಕ್ರೀ, ಮೈ ಹುಷಾರಿಲ್ವಾ?” ಹುಷಾರಾಗಿದ್ದೇನೆಂದು ನಂಬಿಸಲು ತುಂಬ ಹೊತ್ತು ಹಿಡಿಯಿತು. ಅಷ್ಟು ಹೊತ್ತು ನಮ್ಮ ಬಳಿ ಇತ್ತು.

ಇಂತಿ,
ಬೆಳಿಗ್ಗೆ ಮತ್ತೆ ನಿಮ್ಮವನಾಗುವ
ಗಾಜು ಕೂರಿಸುವವನು
(ಕೆಲಸ ಉಳಿದಿದ್ದರೆ)